ತುಂಡು ತಂತಿಯ ಮಹಿಮೆ

ಬೇಸಿಗೆ ಭತ್ತ ಬಂದ ದಿನಗಳಲ್ಲಿ ಗಂಗಾವತಿ ಕಡೆಯ ರೈಸ್‌ಮಿಲ್‌ಗಳನ್ನು ಓಡಿಸುವುದು ಮೋಟಾರು, ಡ್ರೈವು, ಕರೆಂಟು ಎಂದು ನಂಬಿದವರು ಪ್ಯಾನಲ್ ಬಾಗಿಲು ತೆಗೆದು ನೋಡಿದವರಲ್ಲ. ಥರ್ಮಿಸ್ಟರಿನ ಎರಡು ಟರ್ಮಿನಲ್‌ಗಳ ನಡುವೆ ಬಾಗಿ ಕೂತ ಎರಡಿಂಚಿನ ತುಂಡು ತಂತಿಯೊಂದು ಅಲ್ಲಿ ಸದ್ದಿಲ್ಲದೆ ಸೇವೆ ಸಲ್ಲಿಸುತ್ತಿರುತ್ತದೆ.

ಅದು ಬರುವ ಮುಂಚಿನ ದುರವಸ್ಥೆ ಕೇಳಿ. ಮೋಟಾರಿನ ಮೂರು ಫೇಸಿನ ವೈಂಡಿಂಗ್‌ನಲ್ಲೂ ಒಂದೊಂದು ಥರ್ಮಿಸ್ಟರ್ ಹುದುಗಿಸಿ, ಸಾಲಾಗಿ ಜೋಡಿಸಿರುತ್ತಾರೆ. ತಣ್ಣಗಿದ್ದಾಗ ಮೂರೂ ಸೇರಿ 750 ಓಮ್ ಒಳಗೇ. ವೈಂಡಿಂಗ್ ಮಿತಿಮೀರಿ ಕಾದರೆ ಅದು ಸಾವಿರಾರು ಓಮ್‌ಗೆ ನೆಗೆದು, ಡ್ರೈವ್ ಟ್ರಿಪ್ ಆಗುತ್ತದೆ. ಸಾವ್ಕಾರ್ರ ಎದುರಿಗೇ ನಿಲ್ಲುವಷ್ಟು ಸೊಕ್ಕು! ಸಾಲದ್ದಕ್ಕೆ ಫಾಲ್ಟ್ ರಿಲೇ ಕಾಂಟ್ಯಾಕ್ಟ್ ಬದಲಿಸಿ ಹೂಟರ್ ಬೇರೆ ಹೊಡೆಸುತ್ತದೆ. ಎಲ್ಲ ಸರಿಯಿದ್ದಾಗ ಎಳೆದುಕೊಂಡಿದ್ದು, ತಪ್ಪಾದಾಗಲೂ ಕರೆಂಟು ಹೋದಾಗಲೂ ಬಿಟ್ಟುಬಿಡುವಂತೆ ಈ ರಿಲೇಯನ್ನು ಹೊಂದಿಸುವುದು ವಾಡಿಕೆ. ತನ್ನ ವೈರು ಕಡಿದರೂ ಚಾಡಿ ಹೇಳುವ ಬುದ್ಧಿ.

ಹೊಸದಾಗಿ ಸೇರಿದ ಡಿಪ್ಲೊಮಾ ಹುಡುಗರು ಇಂಥ ಹೊತ್ತಿನಲ್ಲಿ ಮೀಟರ್ ಹಿಡಿದು ಬರುತ್ತಾರೆ. ವೈರು ಬಿಚ್ಚಿ ಓಮ್ ಅಳೆಯುತ್ತಾರೆ. ಟ್ರಿಪ್ ಬಂದದ್ದು ಮೋಟಾರಿನಿಂದಲೋ ಡ್ರೈವಿನ ಹೀಟ್‌ಸಿಂಕಿನಿಂದಲೋ ಎಂದು ಫಾಲ್ಟ್ ಕೋಡ್ ಓದುತ್ತಾರೆ. ಎರಡೂ ಬಿಸಿಯೇ ಅಲ್ಲವೆ, ಯಾವುದಾದರೇನು! ಫಿಲ್ಟರಿಗೆ ಮೆತ್ತಿದ ತೌಡಿನ ಧೂಳು ಕೊಡವುತ್ತಾರೆ, ಪ್ಯಾನಲ್ ಫ್ಯಾನ್ ತಿರುಗುತ್ತಿದೆಯೇ ಎಂದು ಕೈಯೊಡ್ಡುತ್ತಾರೆ. “ಸರ್, ಎಲಿವೇಟರ್ ಮೋಟಾರು 20 ಹರ್ಟ್ಸ್‌ನಾಗ ಓಡಾಕತ್ತೈತಿ, ಲೋಡ್ ಪೂರ್ತಿ ಐತಿ, ಫ್ಯಾನು ಅದರ ಶಾಫ್ಟಿಗೇ ಐತಿ, ಗಾಳಿ ಎಲ್ಲಿಂದ ಬರಬೇಕು?” ಎಂದು ಕೇಳುತ್ತಾರೆ. ಓದು ಮನುಷ್ಯನನ್ನು ಎಷ್ಟು ಕೆಡಿಸುತ್ತದೆ ನೋಡಿ.

ಅನುಭವಸ್ಥ ಎಲೆಕ್ಟ್ರೀಷಿಯನ್ ಏನನ್ನೂ ಕೇಳುವುದಿಲ್ಲ. ಜೇಬಿನಿಂದ ತುಂಡು ತಂತಿ ತೆಗೆದು ಥರ್ಮಿಸ್ಟರಿಗೊಂದು, ರಿಲೇಗೊಂದು ಶಾರ್ಟ್ ಕೊಡುತ್ತಾನೆ. “ಚಾಲೂ ಆತ್ರೀ ಸಾವ್ಕಾರ್ರ.” ಶಾರ್ಟ್ ಆದದ್ದನ್ನೂ ಪತ್ತೆಹಚ್ಚುವ ಕಿಲಾಡಿ ಡ್ರೈವುಗಳು ಈಗ ಬಂದಿವೆ. ಅವಕ್ಕೂ ಮದ್ದಿದೆ: ತಂತಿಯ ಜಾಗಕ್ಕೆ 470 ಓಮ್‌ನ ರೆಸಿಸ್ಟರ್. ಅಂದಿನಿಂದ ಹೊರಗೆ 43 ಡಿಗ್ರಿ ಕಾದರೂ ಮೋಟಾರು ಎಂದೆಂದಿಗೂ ತಣ್ಣಗೆ. ಹಿಮಾಲಯದಲ್ಲೂ ಇಂಥ ಶಾಶ್ವತ ತಂಪು ಸಿಗಲಾರದು.

ಹತ್ತು ಡಿಗ್ರಿ ಹೆಚ್ಚು ಕಾದರೆ ಇನ್ಸುಲೇಶನ್ನಿನ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬ ಲೆಕ್ಕವೊಂದಿದೆ. ಇದನ್ನು ನಷ್ಟವೆನ್ನುವವರಿಗೆ ರಿವೈಂಡಿಂಗ್ ಅಂಗಡಿಯ ಕಷ್ಟಸುಖ ಗೊತ್ತಿಲ್ಲ. ಕಪ್ಪಾದ ಕಾಯಿಲ್ ಕಿತ್ತು, ಹೊಸ ತಾಮ್ರ ಸುತ್ತಿ, ವಾರ್ನಿಷ್ ಹೊಯ್ಯುವ ಎಷ್ಟು ಮನೆಗಳ ಒಲೆ ಈ ತಂತಿಯಿಂದ ಉರಿಯುತ್ತಿದೆ! ಅವರೂ ಕೃತಜ್ಞರೇ: ಹೊಸ ವೈಂಡಿಂಗ್‌ನಲ್ಲಿ ಥರ್ಮಿಸ್ಟರ್ ಕೂರಿಸುವ ಗೋಜಿಗೇ ಕೆಲವರು ಹೋಗುವುದಿಲ್ಲ.

ಇಷ್ಟಾದರೂ ಆಯುಧಪೂಜೆಯ ದಿನ ಗೌರವವೆಲ್ಲ ಡ್ರೈವಿಗೆ. ಗಾಳಿ ಆಡುವ ಕಿಂಡಿ ಮುಚ್ಚುವಂತೆ ಚೆಂಡುಹೂವಿನ ಹಾರ, ಡಿಸ್‌ಪ್ಲೇ ಕಾಣದಷ್ಟು ವಿಭೂತಿ ಕುಂಕುಮ. ತಂತಿಗೆ ಒಂದು ಬೊಟ್ಟೂ ಇಲ್ಲ. ಬರುವ ವರ್ಷವಾದರೂ ಪ್ಯಾನಲ್ ಬಾಗಿಲು ತೆಗೆದು ಅದಕ್ಕೊಂದು ಆರತಿ ಎತ್ತಬೇಕು. ಖರ್ಚು ರಿವೈಂಡಿಂಗ್ ಅಂಗಡಿಯವರು ಕೊಡುತ್ತಾರಂತೆ.