ಪಿನ್‌ಕೋಡ್ ಒಡೆಯುವ ಕ್ರಮ: ಗೋಣಿಕೊಪ್ಪಲಿನ ಬಳಕೆದಾರರಿಗೆ ಕೈಪಿಡಿ

ಈ ಉಪಕರಣ ನಿಮ್ಮ ಮನೆಯಲ್ಲಿ ಈಗಾಗಲೇ ಇದೆ. ಪಾಸ್‌ಬುಕ್ಕಿನ ಮೇಲೆ, ಮದುವೆ ಕಾಗದದ ಮೇಲೆ ಅಚ್ಚಾಗಿದೆ: 571213. ಅಂಚೆ ಇಲಾಖೆ 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ತಂದಾಗ, ಅದನ್ನು ಯಾವುದರಿಂದ ಭಾಗಿಸಬಹುದೆಂದು ಯಾರಿಗೂ ಹೇಳಿಕೊಡಲಿಲ್ಲ. ಆ ಕೊರತೆ ನೀಗಲೆಂದು ಈ ಕೈಪಿಡಿ.

ಬೇಕಾಗುವ ಸಾಮಗ್ರಿ: ಪೆನ್ಸಿಲ್, ಹಾಳೆ, ಮಳೆಗಾಲದ ಒಂದು ಸಂಜೆ. ಕರೆಂಟ್ ಬೇಕಿಲ್ಲ, ಮಳೆ ಜೋರಾದರೆ ಅದು ಹೇಗೂ ಇರುವುದಿಲ್ಲ.

ಮೊದಲು ಕೊನೆಯ ಅಂಕಿ ನೋಡಿ. ಪೊನ್ನಂಪೇಟೆಯವರು (571216), ವಿರಾಜಪೇಟೆಯವರು (571218) ಇಲ್ಲಿಗೇ ಪೆನ್ಸಿಲ್ ಕೆಳಗಿಡಬಹುದು. ಸಮಸಂಖ್ಯೆ, ಎರಡಕ್ಕೇ ಒಡೆಯಿತು. ನಮ್ಮದು ನೋಡಲು ಗಟ್ಟಿ. ಅಂಕಿಗಳನ್ನು ಕೂಡಿಸಿದರೆ 19, ಹಾಗಾಗಿ ಮೂರಕ್ಕೂ ಬಗ್ಗದು. ಮುಂದೆ 7, 11, 13 ಎಂದು ಅವಿಭಾಜ್ಯ ಸಂಖ್ಯೆಗಳಿಂದಷ್ಟೇ ಭಾಗಿಸುತ್ತ ಹೋಗಿ. 755 ದಾಟುವ ಅಗತ್ಯವಿಲ್ಲ, ವರ್ಗಮೂಲ ಅಲ್ಲೇ ಇದೆ. ಅದಕ್ಕಿಂತ ದೊಡ್ಡ ಅಪವರ್ತನವಿದ್ದರೆ ಅದರ ಚಿಕ್ಕ ಜೊತೆಗಾರ ಮೊದಲೇ ಸಿಕ್ಕಿಬಿದ್ದಿರುತ್ತಾನೆ.

ಎಚ್ಚರಿಕೆ: 23 ದಾಟಿದ ಕೂಡಲೇ ಊರ ಅಭಿಮಾನಕ್ಕೆ ಬಿದ್ದು ಫಲಿತಾಂಶ ಘೋಷಿಸಬೇಡಿ. ಹತ್ತನೆಯ ಏಟು 29. ಶೇಷ ಸೊನ್ನೆ. 571213 ಎಂದರೆ 29 × 19697.

ಬೇಸರವಾದವರು ಮಡಿಕೇರಿಯ 571201 ಎತ್ತಿಕೊಳ್ಳಬಾರದು, ಬೇಸರ ಹೆಚ್ಚುತ್ತದೆ. 755ರೊಳಗಿನ 133 ಅವಿಭಾಜ್ಯಗಳಲ್ಲಿ ಒಂದಕ್ಕೂ ಅದು ಬಗ್ಗುವುದಿಲ್ಲ. ಜಿಲ್ಲಾಕೇಂದ್ರದ ಹಮ್ಮಿಗೆ ಇದೊಂದು ಸೇರಿತು. ಒಡೆಯುತ್ತದೆ ಎನ್ನಲು ಒಂದೇ ಭಾಗಾಕಾರ ಸಾಕು, ಒಡೆಯದು ಎನ್ನಲು 133ನ್ನೂ ಮಾಡಿ ಮುಗಿಸಬೇಕು. ಈ ಅನ್ಯಾಯಕ್ಕೆ ತಯಾರಕರು ಹೊಣೆಯಲ್ಲ.

ದೊಡ್ಡ ಮಾದರಿಗಳಿಗೆ ಈ ಕ್ರಮ ನಡೆಯದು. 2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಾಂಟ್ ಪತ್ತೆಮಾಡಿದ ಅವಿಭಾಜ್ಯದಲ್ಲಿ 4,10,24,320 ಅಂಕಿಗಳಿವೆ. 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ ಒಂದು ಕಳೆದರೆ ಬರುವ ಸಂಖ್ಯೆ. ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ 3000 ಅಂಕಿಯಂತೆ ತೆಗೆಸಿದರೂ 13,675 ಪುಟ. ಭಾಗಿಸಲು ಕೂತವರು ಮುಗಿಸುವ ಮಾತಿಲ್ಲ. ಭಾಗಿಸದೆಯೇ, ಮಿತ ಸಮಯದಲ್ಲಿ ಯಾವ ಸಂಖ್ಯೆಯನ್ನಾದರೂ ಪರೀಕ್ಷಿಸುವ ದಾರಿಯನ್ನು 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ತೋರಿಸಿದರು. ಆದರೆ ಡ್ಯುರಾಂಟ್ ಸಂಖ್ಯೆಯ ಜಾತಿಯವಕ್ಕೆ ಇನ್ನೂ ಚುರುಕಾದ ಲ್ಯೂಕಾಸ್–ಲೇಮರ್ ಪರೀಕ್ಷೆ ಇದೆ, ಅದೂ ಪೆನ್ಸಿಲ್ಲಿಗೆ ನಿಲುಕುತ್ತದೆ.

ಏಳು ಎರಡುಗಳನ್ನು ಗುಣಿಸಿ ಒಂದು ಕಳೆಯಿರಿ: 127. ಈಗ 4ರಿಂದ ಹೊರಡಿ. ವರ್ಗ ಮಾಡಿ, 2 ಕಳೆಯಿರಿ, 127ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಏಳಕ್ಕೆ ಎರಡು ಕಡಿಮೆ, ಅಂದರೆ ಐದು ಸಲ. 14, 67, 42, 111, ಕೊನೆಗೆ 0. ಸೊನ್ನೆ ಬಂದರೆ ಅವಿಭಾಜ್ಯ. ಡ್ಯುರಾಂಟ್ ಸಂಖ್ಯೆಗೂ ಇದೇ ಕ್ರಮ, ಐದು ಸಲದ ಬದಲು 13,62,79,839 ಸಲ.

ಗೋಣಿಕೊಪ್ಪಲಿನವರ ದೂರುಗಳಿಗೆ ಪರಿಹಾರ: 29ನ್ನು ಮರೆತು 19697ನ್ನು ಹಿಡಿಯಿರಿ. 139ರವರೆಗೆ ಭಾಗಿಸಿ ನೋಡಿ, ಅದು ಒಡೆಯುವುದಿಲ್ಲ.