ಎಷ್ಟು ಎಕರೆ?

ಹೊಳಲ್ಕೆರೆಯ ಗೊಬ್ಬರದಂಗಡಿಯಲ್ಲಿ ನಿಂತು ಕಡ್ಡಿಗೆ ಬೇರು ಬರಿಸುವ ಪುಡಿ ಕೇಳಿದರೆ ಮೊದಲು ಎದುರಾಗುವ ಪ್ರಶ್ನೆ, "ಎಷ್ಟು ಎಕರೆ ಅಣ್ಣ?" ಸುತ್ತಲೂ ಅಡಿಕೆ, ದಾಳಿಂಬೆ ತೋಟಗಳಿರುವ ಸೀಮೆ, ಅಂಗಡಿಯವರು ಇನ್ನೇನು ಕೇಳಿಯಾರು?

"ಒಂದು ದಾಸವಾಳ" ಎಂದೆ.

ಗೊಬ್ಬರದ ಮೂಟೆಯ ಮೇಲೆ ಕೂತಿದ್ದ ಹೊಸದುರ್ಗದ ಕಡೆಯ ರೈತರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ದಾಸವಾಳಕ್ಕೆ ಪುಡಿಯಾ? ಸುಮ್ನೆ ಚುಚ್ಚಿ ಸ್ವಾಮಿ, ಬರ್ತೈತೆ."

ಅವರಿಗೆ ಬರ್ತೈತೆ. ಕೈಗುಣ ಇದ್ದವರು ಊರುಗೋಲು ನೆಟ್ಟರೂ ಚಿಗುರುತ್ತದೆ. ಗಣಪನಿಗೆ ದಿನಾ ಕೆಂಪು ದಾಸವಾಳ ಏರಿಸಬೇಕೆನ್ನುವ ಹೆಂಡತಿಯಿರುವ, ಕೈಗುಣವಿಲ್ಲದ ನನ್ನಂಥವರಿಗಾಗಿಯೇ ವಿಜ್ಞಾನ ಈ ಡಬ್ಬಿ ಮಾಡಿಟ್ಟಿದೆ.

ಡಬ್ಬಿಯ ಕುಲಗೋತ್ರ ಸ್ವಲ್ಪ ಮುಜುಗರದ್ದು. ಬೇರು ಹೊರಡಿಸುವುದು ಆಕ್ಸಿನ್ ಜಾತಿಯ ಹಾರ್ಮೋನು. 1934ರಲ್ಲಿ ನೆದರ್‌ಲೆಂಡ್ಸಿನಲ್ಲಿ ಫ್ರಿಟ್ಸ್ ಕೋಗಲ್ ಮತ್ತು ಸಂಗಡಿಗರು ಅದರಲ್ಲೊಂದಾದ ಇಂಡೋಲ್ ಅಸಿಟಿಕ್ ಆಮ್ಲವನ್ನು ಬೇರ್ಪಡಿಸಿದ್ದು ಮನುಷ್ಯರ ಮೂತ್ರದಿಂದ. ಪೂಜೆಯ ಗಿಡದ ವಿಷಯವಾದ್ದರಿಂದ ಇದನ್ನು ಮನೆಯಲ್ಲಿ ಬಾಯಿ ಬಿಟ್ಟಿಲ್ಲ. ಡಬ್ಬಿಯಲ್ಲಿರುವುದು ಸಾಮಾನ್ಯವಾಗಿ ಅದರ ದಾಯಾದಿ, ಬೇಗ ಕೆಡದ ಇಂಡೋಲ್ ಬ್ಯುಟಿರಿಕ್ ಆಮ್ಲ. ಬಲ್ಲವರು ಐಬಿಎ ಎನ್ನುತ್ತಾರೆ.

ಅಂಗಡಿಯವರು ಮೂರು ಸರಕು ಮುಂದಿಟ್ಟರು. ಒಂದು ಪುಡಿ. ಇನ್ನೊಂದು ಅಪ್ಪಟ ಐಬಿಎ. ಅದು ನೀರಿಗೆ ಸುಲಭಕ್ಕೆ ಕರಗುವುದಿಲ್ಲ, ಸ್ಪಿರಿಟ್‌ನಲ್ಲಿ ಕರಗಿಸಬೇಕು. ಸ್ಪಿರಿಟ್ ಎಂದದ್ದೇ ಮೂಟೆಯ ಮೇಲಿನವರು ಸ್ವಲ್ಪ ನೆಟ್ಟಗೆ ಕೂತರು. ಮೂರನೆಯದು ಪ್ಲಾನೋಫಿಕ್ಸ್. ಅದೂ ಆಕ್ಸಿನ್ನೇ, ಆದರೆ ರೈತರು ಅದನ್ನು ಹೊಡೆಯುವುದು ಹೂವು, ಕಾಯಿ ಉದುರದಿರಲೆಂದು. ನನಗೋ ಗಿಡವೇ ಇಲ್ಲ, ಇನ್ನು ಹೂ ಉದುರುವ ಭಾಗ್ಯವೆಲ್ಲಿ?

ಪುಡಿಯೇ ಸರಿಯೆನಿಸಿತು. ಡಬ್ಬಿಯ ಮುಂಭಾಗದಲ್ಲಿ ಜಟೆ ಬಿಟ್ಟ ಸನ್ಯಾಸಿಯಂಥ ಬೇರಿನ ಚಿತ್ರವಿರುತ್ತದೆ. ಅದಕ್ಕೆ ಮರುಳಾಗದೆ ಹಿಂಭಾಗದ ಇರುವೆ ಅಕ್ಷರ ಓದಬೇಕು. ಎಳೆ ಕಡ್ಡಿಗೆ ಸುಮಾರು 0.1 ಶೇಕಡ ಸಾಕು, ಅರೆಬಲಿತದ್ದಕ್ಕೆ 0.3, ಚೆನ್ನಾಗಿ ಬಲಿತ ಕಟ್ಟಿಗೆಗೆ 0.8. ಅವಧಿ ಮುಗಿಯುವ ದಿನಾಂಕವನ್ನೂ ನೋಡಬೇಕು. ಇಷ್ಟು ನೋಡಿದರೆ ಕಂಪನಿಯ ಹೆಸರು ಯಾವುದಾದರೇನು! ನಾನು ಕನ್ನಡಕ ಹಣೆಗೇರಿಸಿ, ಡಬ್ಬಿಯನ್ನು ಮೂಗಿಗೆ ತಾಗಿಸಿ ಓದುತ್ತಿದ್ದಷ್ಟು ಹೊತ್ತಿನಲ್ಲಿ ಅಂಗಡಿಯವರು ನಾಲ್ಕು ಮೂಟೆ ಯೂರಿಯಾ ಮಾರಿದರು.

"ನಮ್ ದಾಳಿಂಬ್ರೆಗೆ ಗೂಟಿ ಕಟ್ತೀವಿ" ಎಂದು ಮೂಟೆಯ ಮೇಲಿನವರು ಪಾಠ ಶುರುಮಾಡಿದರು. ಗಿಡದ ಮೇಲೆಯೇ ಕೊಂಬೆಯ ತೊಗಟೆಯನ್ನು ಬಳೆಯಂತೆ ಬಿಡಿಸಿ, ಹಾರ್ಮೋನು ಸವರಿ, ಒದ್ದೆ ಪಾಚಿ ಸುತ್ತಿ ಪ್ಲಾಸ್ಟಿಕ್ ಕಟ್ಟುವುದು. "ನಮ್ಮಜ್ಜ ಕಡ್ಡಿಗೆ ಬರೀ ಸಗಣಿ ಮೆತ್ತೋನು" ಎಂದೂ ಸೇರಿಸಿದರು. ಅಜ್ಜ ಶಾಸ್ತ್ರ ತಪ್ಪಿರಲಿಲ್ಲ. ಆರನೇ ಶತಮಾನದ ವರಾಹಮಿಹಿರ ತನ್ನ 'ಬೃಹತ್ಸಂಹಿತೆ'ಯಲ್ಲಿ ದಾಳಿಂಬೆ, ದ್ರಾಕ್ಷಿ ಮುಂತಾದವುಗಳ ಕಡ್ಡಿಗೆ ಸಗಣಿ ಬಳಿದು ನೆಡಲು ಹೇಳಿದ್ದಾನೆ. ಎಷ್ಟು ಎಕರೆಗೆ ಎಂದು ಅವನೂ ಕೇಳಿಲ್ಲ.

ಮನೆಗೆ ಬಂದು ಪೆನ್ಸಿಲ್ ಗಾತ್ರದ ಕಡ್ಡಿಯನ್ನು ಗೆಣ್ಣಿನ ಕೆಳಗೇ ಓರೆಯಾಗಿ ಕತ್ತರಿಸಿ, ತುದಿ ಒದ್ದೆ ಮಾಡಿ, ಕಾಗದದ ಮೇಲೆ ಸುರುವಿದ ಚಿಟಿಕೆ ಪುಡಿಗೆ ತಾಗಿಸಿ ಕೊಡವಿದೆ. ಕೊಡವುವುದನ್ನು ಕಂಡು ಹೆಂಡತಿಗೆ ಸಂಕಟ: "ದುಡ್ಡು ಕೊಟ್ಟಿದ್ದಲ್ವಾ, ಇನ್ನೊಂಚೂರು ಮೆತ್ತಿ." ಹೆಚ್ಚಾದರೆ ಬೇರು ಬರುವ ಬದಲು ತುದಿ ಸುಟ್ಟು ಕಪ್ಪಾಗುತ್ತದೆ ಎಂದರೆ ಜಿಪುಣನ ನೆಪವೆಂದೇ ಅವಳ ತೀರ್ಮಾನ.

ಕಾಂಪೌಂಡಿನಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದ ಪಕ್ಕದ ಮನೆ ಅಜ್ಜಿ ಕೇಳಿದರು: "ಕಡ್ಡಿ ಕೇಳಿ ತಂದ್ಯೋ, ಕದ್ದು ತಂದ್ಯೋ?"

"ಕೇಳಿಯೇ ತಂದೆ ಅಜ್ಜಿ."

"ಅದಕ್ಕೇ ಪುಡಿ ಬೇಕಾಗೈತೆ" ಎಂದು ಒಳಗೆ ಹೋದರು.