ಬಿಟ್ಟು ತಾರತಮ್ಯ ನಿರ್ಣಯ

ಶಾಸ್ತ್ರಗ್ರಂಥ ಬರೆಯುವವನು ಮೊದಲಿಗೇ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನೂ ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ. ವಿಷಯ: ವೈರಿಲ್ಲದೆ ಬ್ಯಾಟರಿಯ ಮೇಲೆ ತಿರುಗುವ ಡ್ರಿಲ್ ಮಷಿನ್ನಿಗೆ ಹೊಂದುವ ಬಿಟ್ಟುಗಳು. ಅಧಿಕಾರಿ: ಅಂಥ ಮಷಿನ್ನನ್ನು ಡಿಸ್ಕೌಂಟಿನಲ್ಲಿ ಕೊಂಡು, ಈಗ ಏನು ಕೊರೆಯಲಿ ಎಂದು ಮನೆಯ ಗೋಡೆಗಳನ್ನು ದಿಟ್ಟಿಸುತ್ತ ಕುಳಿತವನು. ಸಂಬಂಧ: ಬಾಲದ ಕಡೆ ಮಷಿನ್ನಿನದು, ಮೂತಿಯ ಕಡೆ ಗೋಡೆಯದು. ಪ್ರಯೋಜನ: ದೇವದುರ್ಗದ ದೊಡ್ಡವ್ವನ ಮನೆಯಲ್ಲಿ ದೊಡ್ಡಪ್ಪನ ಫೋಟೋ ಎರಡು ವರ್ಷದಿಂದ ಕಣಜದ ಮೇಲೆ ಒರಗಿ ನಿಂತಿದೆ. ಅದು ಗೋಡೆಗೇರಬೇಕು.

‘ಬಿಟ್’ ಎನ್ನದೆ ‘ಬಿಟ್ಟು’ ಎಂದೇಕೆ ಬರೆದಿರಿ ಎಂದು ವೈಯಾಕರಣರು ಆಕ್ಷೇಪಿಸಬಹುದು. ರಾಯಚೂರಿನ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ದುಡ್ಡು ಕೊಟ್ಟು, ಸಾಮಾನು ಗಲ್ಲೆಯ ಮೇಲೆಯೇ ಮರೆತು ಹೊರಟಾಗ ಹಿಂದಿನಿಂದ ಕೂಗು ಬಂತು: “ಸರ, ಬಿಟ್ಟು ಬಿಟ್ಟು ಹೊಂಟ್ರಲ್ರೀ!” ಮೊದಲನೆಯದು ನಾಮಪದ, ಎರಡನೆಯದು ಕೃದಂತ. ಬಳಕೆಗಿಂತ ದೊಡ್ಡ ಪ್ರಮಾಣ ಬೇಕಿಲ್ಲ.

ಇನ್ನು ‘ಕಾರ್ಡ್‌ಲೆಸ್’ ಎಂಬ ವಿಶೇಷಣ. ನಮ್ಮ ಬಡಿಗೇರರ ಬೈರಿಗೆಗೆ ಹಗ್ಗ ಬೇಕಿತ್ತು. ಹಗ್ಗ ಸುತ್ತಿ ಹಿಂದಕ್ಕೂ ಮುಂದಕ್ಕೂ ಎಳೆದರೇನೇ ಅದು ತಿರುಗುತ್ತಿದ್ದುದು. 1889ರಲ್ಲಿ ಮೆಲ್ಬರ್ನ್‌ನಲ್ಲಿ ಆರ್ನಟ್ ಮತ್ತು ಬ್ರೇನ್ ಎಂಬಿಬ್ಬರು ಕರೆಂಟಿನ ಡ್ರಿಲ್ಲಿಗೆ ಪೇಟೆಂಟ್ ಪಡೆದಾಗ ಹಗ್ಗ ಹೋಗಿ ವೈರು ಬಂತು. 1961ರಲ್ಲಿ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ ಬ್ಯಾಟರಿ ಡ್ರಿಲ್ ತಂದಾಗ ವೈರೂ ಹೋಯಿತು. ಶಕ್ತಿನಗರದಲ್ಲಿ 1720 ಮೆಗಾವಾಟ್ ಕರೆಂಟು ಹುಟ್ಟಿಸುವ ಸ್ಥಾವರ ಇಟ್ಟುಕೊಂಡೂ, ಕರೆಂಟು ಹೋದಾಗ ಬೀಸಣಿಗೆ ಹುಡುಕುವ ಜಿಲ್ಲೆಯವರಾದ ನಮಗೆ ಇದರ ಮಹಿಮೆ ಬಿಡಿಸಿ ಹೇಳಬೇಕಿಲ್ಲ. ಆದರೆ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಕಾದ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದರೆ ಚಾರ್ಜರ್ ಕೆಂಪು ದೀಪ ಮಿಣುಕಿಸಿ ಒಲ್ಲೆ ಅನ್ನುತ್ತದೆ. ಅದರ ತಪ್ಪಿಲ್ಲ. ಆ ಹೊತ್ತಿನಲ್ಲಿ ನಾವೂ ಕೆಲಸ ಮಾಡುವುದಿಲ್ಲ.

ಈಗ ಬಾಲಪ್ರಕರಣ. ಬಿಟ್ಟುಗಳ ಬಾಲ ಮೂರು ಬಗೆ: ಗುಂಡು, ಆರುಮೂಲೆ, ಗಾಡಿ (ಎಂದರೆ ತೋಡು). ಗುಂಡು ಬಾಲ ಮಷಿನ್ನಿನ ಮೂರು ಹಲ್ಲಿನ ಚಕ್ಕಿನಲ್ಲಿ ಹಿಡಿಸಿದರೆ ಸಾಕು. 12 ವೋಲ್ಟಿನ ಸಣ್ಣ ಮಷಿನ್ನಿನ ಬಾಯಿ ಸಾಮಾನ್ಯವಾಗಿ 10 ಎಂಎಂ, 18 ವೋಲ್ಟಿನದು 13. ನಮ್ಮ ಮೇಸ್ತ್ರಿಗಳು ಎಂಎಂ ಲೆಕ್ಕ ಹಿಡಿಯುವುದಿಲ್ಲ, ಸೂತಿನ ಲೆಕ್ಕ. ಇಂಚಿಗೆ ಎಂಟು ಸೂತು. ಮೂರು ಸೂತು ಅಂದರೆ 9.5 ಎಂಎಂ, ಸಣ್ಣ ಬಾಯಿಗೆ ಸರಿ. ನಾಲ್ಕು ಸೂತು 12.7, ದೊಡ್ಡ ಬಾಯಿಗೆ ಸರಿ. ಆರುಮೂಲೆ ಬಾಲ ಎರಡು ಸೂತು, ಎಂದರೆ 6.35. ಇದು ಚಕ್ಕಿನಲ್ಲೂ ಕೂಡುತ್ತದೆ, ಸ್ಕ್ರೂ ತಿರುವುವ ಇಂಪ್ಯಾಕ್ಟ್ ಮಷಿನ್ನಿನಲ್ಲೂ ಕೂಡುತ್ತದೆ. ಎರಡೂ ಮನೆಯಲ್ಲಿ ಉಣ್ಣುವ ಅಳಿಯನ ಹಾಗೆ.

ಗಾಡಿ ಬಾಲದವನ್ನು ಎಸ್‌ಡಿಎಸ್ ಎನ್ನುತ್ತಾರೆ. ಬಾಷ್ ಕಂಪನಿ 1975ರಲ್ಲಿ ತಂದದ್ದು. ಹೆಸರಿನ ಮೂಲ ಜರ್ಮನ್ ಪದಗಳಿಗೆ ತೂರಿಸು, ತಿರುವು, ಕೂತಿತು ಎಂಬಷ್ಟೇ ಅರ್ಥ. ಬಾಲದ ದಪ್ಪ 10 ಎಂಎಂ, ಮೈಮೇಲೆ ನಾಲ್ಕು ಗಾಡಿ. ನನ್ನ ಮಷಿನ್ನಿನ ಬಾಯಿ 10, ಇದರ ಬಾಲ 10, ಆದ್ದರಿಂದ ಎರಡಕ್ಕೂ ಅಭೇದ ಎಂದು ಸಾಧಿಸಿ ನಾನೊಂದು ಕೊಂಡೆ. ಇದು ಶುದ್ಧ ಪೂರ್ವಪಕ್ಷ. ಚಕ್ಕಿನ ಹಲ್ಲು ಗಾಡಿಯೊಳಗೆ ಜಾರಿ ಬಿಟ್ಟು ಸೊಟ್ಟಗೆ ನಿಂತು, ತಿರುಗಿಸಿದಾಗ ಜಾತ್ರೆಯ ತೊಟ್ಟಿಲಿನಂತೆ ತೂಗಾಡಿತು. ಎಸ್‌ಡಿಎಸ್ ಬಾಲವಿರುವುದು ಬಿಗಿಯಾಗಿ ಹಿಡಿಸಿಕೊಳ್ಳಲಿಕ್ಕಲ್ಲ. ತನ್ನ ಜಾತಿಯ ಮಷಿನ್ನಿನಲ್ಲಿ ಅದು ಹಿಂದೆ ಮುಂದೆ ಸರಿಯುತ್ತದೆ, ಒಳಗಿನ ಸುತ್ತಿಗೆ ನೇರ ಅದರ ಬೆನ್ನಿಗೆ ಬಡಿಯುತ್ತದೆ. ಅಳತೆ ಒಂದಾದ ಮಾತ್ರಕ್ಕೆ ಅಭೇದವಲ್ಲ. ಮಾನ್ವಿ ಸೀಮೆಯವನಾಗಿ ಇಷ್ಟು ನನಗೆ ಮೊದಲೇ ಹೊಳೆಯಬೇಕಿತ್ತು.

ಯಾಕೆಂದರೆ ಈ ಸೀಮೆ ಭೇದದ ತವರು. ಮಾನ್ವಿಯ ಜಗನ್ನಾಥದಾಸರು (1728–1809) ಹರಿಕಥಾಮೃತಸಾರದಲ್ಲಿ ದೇವತೆಗಳ ತಾರತಮ್ಯಕ್ಕೇ ಸಂಧಿಗಳನ್ನು ಮೀಸಲಿಟ್ಟವರು. ಮಧ್ವಮತದ ಪಂಚಭೇದಗಳಲ್ಲಿ ಮೊದಲ ನಾಲ್ಕನ್ನು ತಿಳಿದವರಿಗೆ ಬಿಟ್ಟು, ಅಲ್ಪಮತಿಯಾದ ನಾನು ಕೊನೆಯದನ್ನಷ್ಟೇ ಎತ್ತಿಕೊಳ್ಳುತ್ತೇನೆ: ಜಡಕ್ಕೂ ಜಡಕ್ಕೂ ಇರುವ ಭೇದ. ಗೋಡೆ ಗೋಡೆಗೂ ಇರುವ ಭೇದವೆಂದೇ ಅದರ ಅರ್ಥವೆಂದು ನನಗೆ ಮನದಟ್ಟಾದದ್ದು ಮಾನ್ವಿಯಲ್ಲಿ, ಕಾಕಾನ ಮನೆಯ ಕಲ್ಲಿನ ಗೋಡೆಯ ಮುಂದೆ.

ಡಬ್ಬಿಯಲ್ಲಿದ್ದ ಬಿಟ್ಟುಗಳಲ್ಲಿ ಬಂಗಾರದ ಬಣ್ಣದ್ದೇ ಉತ್ತಮೋತ್ತಮವೆಂದು ಆರಿಸಿದ್ದೆ. ಅದು ಟೈಟಾನಿಯಂ ನೈಟ್ರೈಡ್ ಎಂಬ, ಕೂದಲಿಗಿಂತ ಎಷ್ಟೋ ತೆಳುವಾದ ಲೇಪ. ಕೆಳಗಿರುವುದು ತಗಡು, ಕಬ್ಬಿಣ ಕೊರೆಯುವ ಉಕ್ಕು. ಒಂದು ನಿಮಿಷ ಒತ್ತಿದೆ. ತುದಿ ಮೊದಲು ಕೆಂಪಾಯಿತು, ಆಮೇಲೆ ನೀಲಿಯಾಯಿತು, ಮನೆತುಂಬ ಕಮ್ಮಾರಸಾಲೆಯ ವಾಸನೆ. ಗೋಡೆಯ ಹಣೆಯ ಮೇಲೆ ಹೊಳೆಯುವ ಒಂದು ಚುಕ್ಕೆ ಮೂಡಿತ್ತು. ಬಿಟ್ಟು ಹೋಗಿ ಬೊಟ್ಟು ಉಳಿಯಿತು. ಕಾಕಾ ಕನ್ನಡಕ ಏರಿಸಿ ನೋಡಿ, “ಭಾಳ ಛಲೋ ಆತಪಾ, ಇನ್ನ ಕುಂಕುಮ ಹಚ್ಚಿಬಿಡು” ಅಂದ.

ಇದಕ್ಕೆ ಪ್ರಮಾಣ ಮೋಸ್ ಎಂಬ ಜರ್ಮನ್ ಖನಿಜಶಾಸ್ತ್ರಜ್ಞ 1812ರಲ್ಲಿ ಮಾಡಿಟ್ಟ ಗಡಸುತನದ ಮೆಟ್ಟಿಲು. ಹೆಸರು ಹಾಗಿದ್ದರೂ ಅದರಲ್ಲಿ ಮೋಸವಿಲ್ಲ. ಮೆಟ್ಟಿಲು ಹತ್ತು, ಕೊನೆಯದರ ಮೇಲೆ ವಜ್ರ. ನಮ್ಮ ಗ್ರಾನೈಟಿನೊಳಗಿನ ಸ್ಫಟಿಕ ಏಳರಲ್ಲಿ ಕೂತಿದೆ; ಉಕ್ಕು ಅದಕ್ಕಿಂತ ಕೆಳಗೆ. ಶಹಾಬಾದಿ ಫರಸಿ ಸುಣ್ಣಕಲ್ಲು, ಮೂರರ ಆಸುಪಾಸು. ಕಲ್ಲಿನ ಬಿಟ್ಟಿನ ಮೂತಿಗೆ ಕೂಡಿಸುವ ಟಂಗ್‌ಸ್ಟನ್ ಕಾರ್ಬೈಡ್ ಒಂಬತ್ತರ ಹತ್ತಿರ. ಹಟ್ಟಿಯ ಗಣಿಯಲ್ಲಿ ಬಂಗಾರಕ್ಕಾಗಿ ಬಂಡೆ ಕೊರೆಯುವವರು ಬಂಗಾರದ ಬಣ್ಣ ನೋಡಿ ಬಿಟ್ಟು ಆರಿಸುವುದಿಲ್ಲ.

ಕಾರ್ಬೈಡ್ ಒಂದಿದ್ದರೂ ಸಾಲದು. ಕಲ್ಲು ತಿರುಗುವುದಕ್ಕೆ ಬಗ್ಗುವುದಿಲ್ಲ, ಬಡಿತಕ್ಕೆ ಬಗ್ಗುತ್ತದೆ. ರಾಯಚೂರು ಕೋಟೆಯಲ್ಲಿ 1294ರ ಶಾಸನವಿರುವ, ನಲವತ್ತು ಅಡಿಗೂ ಉದ್ದದ ಕಲ್ಲನ್ನು ನೋಡಿ: ಅದನ್ನು ಬಂಡಿಯ ಮೇಲೆ ಸಾಗಿಸಿದ ಚಿತ್ರವನ್ನೂ ಅದೇ ಗೋಡೆಯಲ್ಲಿ ಕೆತ್ತಿದ್ದಾರೆ. ಎಲ್ಲವೂ ಚಾಣದ ಏಟು. ಹ್ಯಾಮರ್ ಇಲ್ಲದ ಬ್ಯಾಟರಿ ಮಷಿನ್ನು ಗ್ರಾನೈಟಿನ ಮುಂದೆ ಪ್ರದಕ್ಷಿಣೆ ಹಾಕುತ್ತದೆ, ಅಷ್ಟೆ. ಹ್ಯಾಮರ್ ಇರುವ ಮಷಿನ್ನು ಇಟ್ಟಿಗೆ, ಸಿಮೆಂಟ್ ಬ್ಲಾಕುಗಳನ್ನು ನಿಭಾಯಿಸುತ್ತದೆ. ಗ್ರಾನೈಟಿಗೆ ಎಸ್‌ಡಿಎಸ್ ಮಷಿನ್ನನ್ನೇ ಒಂದು ದಿನದ ಬಾಡಿಗೆಗೆ ತರುವುದು ಜಾಣತನ.

ಉಳಿದ ಮೂತಿಗಳನ್ನು ಬೇಗ ಮುಗಿಸುತ್ತೇನೆ. ಕಬ್ಬಿಣಕ್ಕೆ 118 ಡಿಗ್ರಿ ಚೂಪಿನ ಉಕ್ಕಿನ ಬಿಟ್ಟು, ನಿಧಾನ ವೇಗ, ಎರಡು ಹನಿ ಎಣ್ಣೆ. ಸ್ಟೀಲಿಗೆ 135 ಡಿಗ್ರಿ, ಕೋಬಾಲ್ಟ್ ಬೆರೆತದ್ದು. ಕಟ್ಟಿಗೆಗೆ ನಡುವೆ ಮುಳ್ಳಿರುವುದು. ಬಚ್ಚಲುಮನೆಯ ಟೈಲ್ಸಿಗೆ ಭರ್ಚಿಯ ಮೊನೆಯದು. ಟೈಲ್ಸು ದಾಟುವವರೆಗೆ ಹ್ಯಾಮರ್ ಮುಟ್ಟಬಾರದು. ಇಲ್ಲಿ ನನ್ನ ತಾರತಮ್ಯಕ್ಕೆ ಒಂದು ಕುಂದು ಒದಗುತ್ತದೆ, ಒಪ್ಪುತ್ತೇನೆ: ಮೆಟ್ಟಿಲಿನ ತುದಿಯ ವಜ್ರದ ಬಿಟ್ಟು ಬೇವಿನ ತೊಲೆಯಲ್ಲಿ ಹೊಗೆ ಎಬ್ಬಿಸುತ್ತದೆಯೇ ಹೊರತು ತೂತು ಮಾಡುವುದಿಲ್ಲ. ಸರ್ವೋತ್ತಮವಾದುದು ಎಲ್ಲಕ್ಕೂ ಒದಗಬೇಕೆಂಬ ನಿಯಮ ಹಾರ್ಡ್‌ವೇರ್ ಅಂಗಡಿಯಲ್ಲಿ ನಡೆಯುವುದಿಲ್ಲ. ಅಲ್ಲಿನ ಹುಡುಗ “ಎಷ್ಟು ನಂಬರ್ ರೀ?” ಎಂದು ಮಾತ್ರ ಕೇಳುತ್ತಾನೆ. “ಎಂಥ ಗ್ವಾಡ್ಯಾಗ ಹಾಕ್ತೀರಿ?” ಎಂದು ಕೇಳುವ ಅಂಗಡಿ ಸಿಕ್ಕರೆ ಅಲ್ಲೇ ಖಾತೆ ತೆರೆಯಿರಿ.

ದೇವದುರ್ಗದ ಗೋಡೆ ಯಾವ ವರ್ಗಕ್ಕೂ ಸೇರಲಿಲ್ಲ. ಎರಡು ಮೊಳ ದಪ್ಪ, ಹೊರಗೆ ಕಲ್ಲು, ನಡುವೆ ಕೆಸರು. ಬಾಡಿಗೆಯ ಮಷಿನ್ನು, ಸರಿಯಾದ 8 ಎಂಎಂ ಬಿಟ್ಟು, ಪ್ಲಾಸ್ಟಿಕ್ ಗಿಟ್ಟಿ, ಎಲ್ಲ ಸಜ್ಜಾಗಿ ಹೋಗಿದ್ದೆ. ಬಿಟ್ಟು ಕಲ್ಲನ್ನು ಬಿಟ್ಟು ಸಂದಿಗೆ ಜಾರಿತು. ಹಿಡಿ ಮಣ್ಣು ಸುರಿಯಿತು, ಗಿಟ್ಟಿ ಒಳಗೆ ಬಿದ್ದು ಕಾಣೆಯಾಯಿತು, ಬಿಟ್ಟು ಸಿಕ್ಕಿಕೊಂಡು ಲಟಕ್ಕನೆ ಮುರಿಯಿತು. ದೊಡ್ಡವ್ವ ಬಾಗಿಲ ಪಕ್ಕದ ಗಿಳಿಗೂಟ ತೋರಿಸಿದಳು. ಮನೆ ಕಟ್ಟುವಾಗಲೇ ಗೋಡೆಯೊಳಗೆ ಹೂಳಿದ ಕಟ್ಟಿಗೆಯ ಗಿಳಿ; ದೊಡ್ಡಪ್ಪ ನಲವತ್ತು ವರ್ಷ ಅಂಗಿ ತೂಗುಹಾಕುತ್ತಿದ್ದದ್ದು ಅದಕ್ಕೇ. “ಅಂಗಿ ಇಲ್ಲಲ್ಲ ಈಗ, ಅವ್ರನ್ನ ಹಾಕು” ಅಂದಳು.

ಮುರಿದ ಬಿಟ್ಟನ್ನು ಎಸೆಯಹೋದರೆ ಕಸಿದುಕೊಂಡಳು. ಅವಳ ಹಿತ್ತಲ ಬಾಗಿಲಿನ ಚಿಲಕಕ್ಕೆ ಕೀಲು ಕಳೆದು ವರ್ಷಗಳಾಗಿದ್ದವು. ಬಾಲದ ತುಂಡು, 10 ಎಂಎಂ, ನಾಲ್ಕು ಗಾಡಿ. ಅಲ್ಲಾಡದೆ ಕೂತಿತು.